ಉಪ್ಪಿನ ಕೋಟೆಯ ಏಳನೇ ಬಾಗಿಲು

ಮೇಣದ ಅಚ್ಚಿನಲ್ಲಿ ಮುಂದಿನ ಎರಡು ಹಲ್ಲು ಕೂರಿಸುವಷ್ಟರಲ್ಲಿ ಅವನು ನಾಲ್ಕು ಸಲ ಫೋನ್ ನೋಡಿದ್ದ. ವರ್ಷಗಟ್ಟಲೆ ಹಲ್ಲಿನ ಸೆಟ್ಟು ಮಾಡುವ ಲ್ಯಾಬಿನ ಇದೇ ಬೆಂಚಿನ ಮುಂದೆ, ಇದೇ ಸ್ಪಿರಿಟ್ ದೀಪದ ಎದುರು ಕೂತು, ತಾನು ಎಂದೂ ನೋಡದವರ ಬಾಯಿಗೆ ಹಲ್ಲು ಜೋಡಿಸುತ್ತ ಬಂದವನು. ಯಾರದೋ ಒಸಡು, ಯಾರದೋ ದವಡೆ, ಎಲ್ಲವೂ ಪ್ಲಾಸ್ಟರಿನಲ್ಲಿ ಅವನ ಮುಂದೆ ಬಂದು ಬಾಯಿ ತೆರೆದು ಕೂರುತ್ತಿದ್ದವು, ಅವನು ತುಂಬಿಸಿ ಕಳಿಸುತ್ತಿದ್ದ. ಕೆಲಸದ ನಡುವೆ ಫೋನ್ ಮುಟ್ಟುತ್ತಿರಲಿಲ್ಲ. ಆದರೆ ಇವತ್ತು ಮಧ್ಯಾಹ್ನ ಕಂಪ್ಯೂಟರ್ ಆಟ ಮಾಡುವ ಕಂಪನಿಯವರು ಏನನ್ನೋ ಹೇಳುವವರಿದ್ದರು. ಏನು ಎಂದು ಬಾಯಿ ಬಿಟ್ಟಿರಲಿಲ್ಲ. ತಮ್ಮ ಪುಟದ ಮೇಲೆ ಒಂದು ಬಿಳಿ ಬಯಲಿನ ಚಿತ್ರವನ್ನಷ್ಟೇ ಹಾಕಿ ಸುಮ್ಮನಾಗಿದ್ದರು. ಬಿಳಿ ಬಯಲೆಂದರೆ ಉಪ್ಪು, ಉಪ್ಪೆಂದರೆ ‘ಉಪ್ಪಿನ ಕೋಟೆ’ ಎಂಬ ಹಳೆಯ ಆಟ, ಅದರ ಹೊಸ ಆವೃತ್ತಿ ಬರುವುದು ಖಂಡಿತ ಎಂದು ಅಂತರ್ಜಾಲದ ಅಭಿಮಾನಿ ಬಳಗದವರೆಲ್ಲ ನಿನ್ನೆಯಿಂದ ಕುಣಿಯುತ್ತಿದ್ದರು. ಹಿಮವೂ ಆಗಿರಬಹುದಲ್ಲ ಎಂದು ಒಬ್ಬ ಕೇಳಿದ್ದಕ್ಕೆ ಎಲ್ಲರೂ ಸೇರಿ ಅವನನ್ನು ಜಾಲಾಡಿಬಿಟ್ಟಿದ್ದರು. ಜಾಲಾಡಿದವರಲ್ಲಿ ಇವನೇ ಮುಂದಾಳು. ಅಲ್ಲಿ ಇವನಿಗೆ ‘ಹಿರಿಯ ಕಾವಲುಗಾರ’ ಎಂಬ ಪಟ್ಟವಿತ್ತು, ಯಾವ ಊರಿನವರೋ ಏನು ಕೆಲಸದವರೋ ಗೊತ್ತಿಲ್ಲದ ನೂರಾರು ಜನ ಇವನ ಮಾತಿಗೆ ಕಾಯುತ್ತಿದ್ದರು. ಮನೆಯಲ್ಲಿ ಹೆಂಡತಿ ಮಾತ್ರ, ‘ನಿಮ್ಮ ಕೋಟೆಗೆ ಸುಣ್ಣ ಹೊಡೆಯೋದು ಯಾವಾಗಂತೆ?’ ಎಂದು ಕೇಳಿ ತನ್ನ ಪಾಡಿಗೆ ತಾನು ಹೋಗುತ್ತಿದ್ದಳು. ಅವಳಿಗೆ ವಿವರಿಸುವ ಗೋಜಿಗೆ ಅವನು ಹೋಗಿರಲಿಲ್ಲ. ವಿವರಿಸಬೇಕೆಂದರೆ ಭಾವನ ಕಣ್ಣಿನ ಮಾತು ತೆಗೆಯಬೇಕಾಗುತ್ತಿತ್ತು.

ಅಕ್ಕನ ಗಂಡ, ಭಾವ. ಮನೆಗಳ ನಕ್ಷೆ ಬರೆಯುವುದು ಅವರ ಕೆಲಸವಾಗಿತ್ತು. ಕೂದಲೆಳೆಯಂಥ ಗೆರೆ ಎಳೆಯುತ್ತಿದ್ದ ಮನುಷ್ಯನಿಗೆ ಕಣ್ಣೊಳಗೆ ಒತ್ತಡ ಏರಿ, ನೋಟ ಅಂಚಿನಿಂದ ಒಳಮುಖವಾಗಿ ಸಾಯತೊಡಗಿತ್ತು. ಹೋದದ್ದು ಹೋಯಿತು, ಉಳಿದದ್ದನ್ನು ಉಳಿಸಿಕೊಳ್ಳೋಣ ಎಂದು ಕಣ್ಣಿನ ಡಾಕ್ಟರು ಹೇಳಿದ್ದರು. ಆ ಉಳಿದ ಚೂರು ಪೂರ್ತಿ ಆರುವುದರೊಳಗೆ ಹೊಸ ಆವೃತ್ತಿ ಬರಬೇಕು, ಅದರಲ್ಲಿ ಅಕ್ಷರ ದೊಡ್ಡದಾಗಿರುತ್ತದೆ, ಪಾತ್ರಗಳು ಬಾಯಿಬಿಟ್ಟು ಮಾತಾಡುತ್ತವೆ, ಆಗ ತಾನೂ ಭಾವನೂ ಮತ್ತೆ ಅಕ್ಕಪಕ್ಕ ಕೂತು ಏಳನೇ ಬಾಗಿಲು ದಾಟಬೇಕು. ಅವನಿಗೆ ಬೇಕಾಗಿದ್ದದ್ದು ಇಷ್ಟೇ. ಇದಕ್ಕಾಗಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನಾಲ್ಕು ವರ್ಷ ಕಾದಿದ್ದ. ಕಂಪನಿಯವರು ಯಾರನ್ನು ಕೆಲಸಕ್ಕೆ ಕರೆದಿದ್ದಾರೆ, ಯಾವ ಹೆಸರನ್ನು ಮತ್ತೆ ನೋಂದಾಯಿಸಿದ್ದಾರೆ, ಹಳೆಯ ಸಂಗೀತ ಮಾಡಿದವನು ಯಾರ ಜೊತೆ ನಿಂತು ಫೋಟೋ ತೆಗೆಸಿಕೊಂಡಿದ್ದಾನೆ ಎಂದು ಬೂದಿ ಕೆದಕುವವರ ಹಾಗೆ ಬಳಗದವರೊಂದಿಗೆ ಕೆದಕಿದ್ದ. ಸಿಕ್ಕಿದ ಪ್ರತಿ ಕಿಡಿಯನ್ನೂ ಫೋನಿನಲ್ಲಿ ಭಾವನಿಗೆ ತಲುಪಿಸುತ್ತಿದ್ದ. ‘ಈ ವರ್ಷ ಗ್ಯಾರಂಟಿ ಭಾವ’ ಎಂದು ಪ್ರತಿ ವರ್ಷವೂ ಹೇಳಿದ್ದ.

ಮೊದಲ ಸಲ ಆ ಆಟ ನೋಡಿದಾಗ ಅವನು ಓದಿಗೆಂದು ಅಕ್ಕನ ಮನೆಯಲ್ಲಿದ್ದ ಹುಡುಗ. ನಕ್ಷೆಯ ಕೆಲಸಕ್ಕೆಂದು ಭಾವ ತಂದ ಕಂಪ್ಯೂಟರಿನಲ್ಲಿ ಸಂಜೆಯಾದರೆ ಬತ್ತಿಹೋದ ಒಂದು ಕಡಲು ತೆರೆದುಕೊಳ್ಳುತ್ತಿತ್ತು. ನಾಲ್ವರು ಪಯಣಿಗರು ಆ ಉಪ್ಪಿನ ಬಯಲು ದಾಟಿ ಕೋಟೆ ಸೇರಬೇಕು. ಯಾರನ್ನು ಮಾತಾಡಿಸಬೇಕು, ಯಾರನ್ನು ನಂಬಬೇಕು, ಯಾರನ್ನು ಹಿಂದೆ ಬಿಟ್ಟುಬರಬೇಕು ಎಂಬುದನ್ನೆಲ್ಲ ಆಡುವವರೇ ಆರಿಸಬೇಕು. ಆ ಆಟದ ಭಾಷೆ ಹುಡುಗನಿಗೆ ಬಾರದು. ಭಾವನೇ ಪ್ರತಿ ಸಾಲನ್ನೂ ಕನ್ನಡ ಮಾಡಿ ಓದಿ ಹೇಳುತ್ತಿದ್ದರು, ಅದೂ ದನಿ ಬದಲಾಯಿಸಿ. ಸತ್ತ ರಾಜನಿಗೆ ತಮ್ಮ ಆಫೀಸಿನ ಮೇಲಧಿಕಾರಿಯ ದನಿ, ಮಾಟಗಾತಿಗೆ ಅಕ್ಕನ ದನಿ. ಅಕ್ಕ ಒಳಗಿನಿಂದ, ‘ಕೇಳಿಸ್ತು ಕೇಳಿಸ್ತು, ಊಟ ಬೇಡ ಅಂತ ತಾನೇ?’ ಎನ್ನುತ್ತಿದ್ದಳು. ಕೋಟೆಯ ಒಳದಾರಿಗಳನ್ನು ಭಾವ ಗ್ರಾಫ್ ಹಾಳೆಯ ಮೇಲೆ ಮನೆಯ ನಕ್ಷೆಯಂತೆಯೇ ಬರೆದುಕೊಳ್ಳುತ್ತಿದ್ದರು, ಬಾಗಿಲು ಯಾವ ಕಡೆ ತೆರೆಯುತ್ತದೆ ಎಂಬ ಕಮಾನು ಗೆರೆ ಸಮೇತ. ‘ಇದನ್ನ ಕಟ್ಟಿದವನಿಗೆ ಗಾಳಿ ಬೆಳಕಿನ ಜ್ಞಾನ ಇಲ್ಲ ಕಣೋ. ಇಷ್ಟು ದೊಡ್ಡ ಕೋಟೆಗೆ ಒಂದು ಕಿಟಕಿ ಇಲ್ಲ.’ ನಾಲ್ವರಲ್ಲಿ ಒಬ್ಬ ದೋಣಿಯವನು. ನೀರಿಲ್ಲದ ಕಡಲಿನಲ್ಲಿ ಹೆಗಲ ಮೇಲೆ ಹುಟ್ಟು ಹೊತ್ತು ನಡೆಯುವವನು. ಅವನು ಆಡುವ ಮಾತು ಕೇಳಿ ಹುಡುಗ ಹೊಟ್ಟೆ ಹುಣ್ಣಾಗುವಷ್ಟು ನಗುತ್ತಿದ್ದ, ಒಮ್ಮೊಮ್ಮೆ ಭಾವನಿಗೆ ಕಾಣದಂತೆ ಕಣ್ಣೊರೆಸಿಕೊಳ್ಳುತ್ತಿದ್ದ. ಮುಂದೆ ಆ ಭಾಷೆ ಕಲಿತು ತಾನೇ ಓದಿ ನೋಡಿದಾಗ ದೋಣಿಯವನಿಗೆ ಇಡೀ ಆಟದಲ್ಲಿ ಇದ್ದದ್ದು ನಾಲ್ಕೋ ಐದೋ ಮಾತು. ‘ಹೌದು.’ ‘ನಡೆಯೋಣ.’ ‘ಕಡಲು ದೂರ.’ ಮಿಕ್ಕದ್ದೆಲ್ಲ ಭಾವ ಅಲ್ಲೇ ಕೂತು ಹೆಣೆದದ್ದು. ಇದನ್ನು ಅವನು ಬಳಗದಲ್ಲಿ ಯಾರಿಗೂ ಹೇಳಿರಲಿಲ್ಲ. ಅವರೆಲ್ಲ ದೋಣಿಯವನ ಆ ನಾಲ್ಕು ಮಾತನ್ನೇ ಮಂತ್ರದಂತೆ ಜಪಿಸುವಾಗ ಇವನಿಗೆ ಮನಸ್ಸಿನಲ್ಲೇ ಮರುಕ ಹುಟ್ಟುತ್ತಿತ್ತು.

ಕೋಟೆಗೆ ಏಳು ಬಾಗಿಲು. ಆರು ತೆರೆಯುತ್ತಿದ್ದವು. ಏಳನೆಯದರ ಮುಂದೆ ‘ಈ ಬಾಗಿಲು ಇಂದು ತೆರೆಯದು’ ಎಂಬ ಒಂದು ಸಾಲು ಬಂದು, ಹಿಂದೆಯೇ ಆಟ ಮಾಡಿದವರ ಹೆಸರು ಉರುಳಿ ಎಲ್ಲ ಮುಗಿದುಹೋಗುತ್ತಿತ್ತು. ಕಂಪನಿಯವರಿಗೆ ಹೊತ್ತು ಸಾಲದೆ ಕೊನೆಯನ್ನು ಕತ್ತರಿಸಿದ್ದರಂತೆ. ಅಂದು ಆ ಸಾಲು ಓದಿ ಭಾವ ಗ್ರಾಫ್ ಹಾಳೆಯಲ್ಲಿ ಏಳನೇ ಬಾಗಿಲಿಗೂ ಒಂದು ಕಮಾನು ಗೆರೆ ಎಳೆದರು. ಆಮೇಲೆ, ‘ಇರಲಿ, ಇಲ್ಲೇ ಸೇವ್ ಮಾಡಿಡು. ಯಾವತ್ತಾದ್ರೂ ಬುದ್ಧಿ ಬಂದು ತೆಗೀತಾರೆ’ ಎಂದರು. ಆಟವನ್ನು ಅಲ್ಲಿಗೆ ನಿಲ್ಲಿಸಿಟ್ಟ ಅದೇ ಸೇವ್ ಫ್ಲಾಪಿಯಿಂದ ಸಿ.ಡಿ.ಗೆ, ಸಿ.ಡಿ.ಯಿಂದ ಪೆನ್‌ಡ್ರೈವಿಗೆ ದಾಟುತ್ತ ಇವತ್ತು ಅವನ ಚೀಲದಲ್ಲಿದ್ದ ಲ್ಯಾಪ್‌ಟಾಪಿನವರೆಗೆ ಬಂದಿತ್ತು. ಅದರೊಳಗೆ ನಾಲ್ವರು ಪಯಣಿಗರು ಇನ್ನೂ ಕೋಟೆಯ ಅಂಗಳದಲ್ಲಿ ಆ ಬಾಗಿಲು ನೋಡುತ್ತ ನಿಂತಿದ್ದರು.

‘ಇದನ್ನ ನೋಡಿ ಸ್ವಲ್ಪ.’ ಲ್ಯಾಬಿನ ಮಾಲೀಕರು ಬೆಂಚಿನ ಮೇಲೆ ಒಂದು ಹಲ್ಲಿನ ಸೆಟ್ಟು ತಂದಿಟ್ಟರು. ಹೋದ ವಾರ ಇವನೇ ಮಾಡಿ ಕಳಿಸಿದ್ದು, ಹಲ್ಲಿನ ಡಾಕ್ಟರ ಹತ್ತಿರದಿಂದ ವಾಪಸು ಬಂದಿತ್ತು. ವಯಸ್ಸಾದ ಹೆಂಗಸೊಬ್ಬರಿಗೆ ಸ್ವಲ್ಪ ಹಳದಿ ತಿರುಗಿದ, ಸವೆದಂತೆ ಕಾಣುವ ಹಲ್ಲು ಬೇಕೆಂದು ಬರೆದಿದ್ದರೆ ಇವನು ಬೇರೆ ಡಬ್ಬಿಯಿಂದ ಸುಣ್ಣದಂಥ ಹಲ್ಲು ತೆಗೆದು ಜೋಡಿಸಿಬಿಟ್ಟಿದ್ದ. ಅದನ್ನು ಹಾಕಿಕೊಂಡು ಆಕೆ ಕನ್ನಡಿ ನೋಡಿ ಅತ್ತರಂತೆ. ‘ಅಳೋದಾ? ಯಾಕೆ?’ ಎಂದು ಅವನು ಪೆದ್ದನ ಹಾಗೆ ಕೇಳಿದ. ‘ಯಾಕೆ ಅಂದ್ರೆ? ಬೇರೆಯವರ ಬಾಯಿ ತಂದು ಇಟ್ಟ ಹಾಗಿದೆ ಅಂದ್ರಂತೆ. ನಿಮ್ಮ ಕಣ್ಣಿಗೆ ಏನಾಗಿದೆ? ಬಣ್ಣ ಗೊತ್ತಾಗ್ತಾ ಇಲ್ಲ ಅಂದ್ರೆ ಹೇಳ್ಬಿಡಿ, ತೋರಿಸ್ಕೊಂಡು ಬನ್ನಿ, ನಾನೇ ಕಳಿಸ್ತೀನಿ.’ ಮಾಲೀಕರು ದನಿ ಏರಿಸಲಿಲ್ಲ. ಏರಿಸಿದ್ದರೆ ವಾಸಿಯಿತ್ತು. ಆಚೆ ಮೂಲೆಯಲ್ಲಿ ಪಾಲಿಶ್ ಯಂತ್ರ ನಿಂತು, ಪಾಲಿಶ್ ಮಾಡುವಾಕೆ ಇತ್ತ ತಿರುಗಿದ್ದಳು. ಮುಖಕ್ಕೆ ಬಿಸಿ ಏರಿದ ಆ ಗಳಿಗೆಯಲ್ಲಿ ಅವನ ಬಾಯಿಂದ ತಾನಾಗಿ ಮಾತು ಹೊರಟಿತು. ‘ಇಲ್ಲ ಸರ್, ನಮ್ಮ ಭಾವನಿಗೆ ಹುಷಾರಿಲ್ಲ. ಕಣ್ಣು. ಅದೇ ತಲೇಲಿದೆ.’ ಮಾಲೀಕರ ಮುಖ ಸಡಿಲವಾಯಿತು, ಮೊದಲೇ ಹೇಳಬಾರದಾ ಎಂದರು. ಪಾಲಿಶಿನಾಕೆ, ಪಾಪ, ಅದಕ್ಕೇ ಬೆಳಗ್ಗೆಯಿಂದ ಫೋನ್ ನೋಡ್ತಾ ಇದ್ರಾ, ಆಸ್ಪತ್ರೆಯಿಂದ ಸುದ್ದಿ ಬರ್ಬೇಕಾ ಎಂದು ಕೇಳಿದಳು. ಅವನು ಹೌದೆಂದು ತಲೆಯಾಡಿಸಿದ. ಸುಳ್ಳೇನೂ ಅಲ್ಲವಲ್ಲ ಎಂದು ಸಮಾಧಾನ ಹೇಳಿಕೊಂಡ. ಆದರೂ ಭಾವನ ಕಾಯಿಲೆಯನ್ನು ಬೆಂಚಿನ ಮೇಲೆ ಚೆಲ್ಲಿ ತನ್ನ ಕೊಳೆ ಒರೆಸಿಕೊಂಡಂತಾಗಿ, ಆ ಬಿಳಿ ಸೆಟ್ಟನ್ನು ಕೈಯಲ್ಲಿ ಹಿಡಿಯಲು ಹೇಸಿಗೆಯಾಯಿತು.

ಭಾವ ಕೇಳಿದ್ದರು. ಅದನ್ನು ಮರೆಯಲು ಅವನು ಏನೆಲ್ಲ ಮಾಡಿದರೂ ಆಗಿರಲಿಲ್ಲ. ನಾಲ್ಕು ವರ್ಷದ ಹಿಂದೆ, ರಜಾದಿನ, ಕಣ್ಣಿಗೆ ಔಷಧದ ಹನಿ ಹಾಕಿಸಿಕೊಂಡು ಮುಖ ಮೇಲೆತ್ತಿ ಕೂತಿದ್ದವರು, ‘ಲೋ, ಮೊದಲಿಂದ ಒಂದ್ಸಲ ಆಡೋಣ್ವಾ? ಇನ್ನೂ ಕಾಣುತ್ತೆ ನಂಗೆ. ಸಣ್ಣ ಅಕ್ಷರ ಕಷ್ಟ ಆದ್ರೆ ನೀನು ಓದಿ ಹೇಳಿದ್ರೆ ಆಯ್ತು’ ಎಂದಿದ್ದರು. ಅವನು ಬೇಡವೆಂದ. ಖಡಾಖಂಡಿತವಾಗಿ ಬೇಡವೆಂದ. ಈಗ ಆ ಮಂಕು ಚಿತ್ರದಲ್ಲಿ ಆಡಿದರೆ ಮುಂದೆ ಹೊಸದರ ರುಚಿ ಕೆಡುತ್ತದೆ, ಇಷ್ಟು ದಿನ ತಡೆದಿದ್ದೀರಿ ಇನ್ನೊಂದು ವರ್ಷ ತಡೆಯಿರಿ, ಅದರಲ್ಲಿ ಬಾಗಿಲು ತೆರೆಯುತ್ತದೆ ಎಂದ. ಈ ಬಗೆಯ ಆಟ ಆಡುವವರಿಗೆಲ್ಲ ಒಂದು ಚಾಳಿ ಉಂಟು. ಆಟದೊಳಗೆ ಒಳ್ಳೆಯ ಔಷಧಿ ಸಿಕ್ಕರೆ ಬಳಸುವುದಿಲ್ಲ. ಕೊನೆಯ ಯುದ್ಧಕ್ಕೆ ಬೇಕಾದೀತೆಂದು ಚೀಲದಲ್ಲಿ ಇಟ್ಟುಕೊಂಡೇ ಇರುತ್ತಾರೆ, ಚೀಲ ತುಂಬ ಔಷಧಿ ಇದ್ದಂತೆಯೇ ಯಾವುದೋ ಚಿಲ್ಲರೆ ತೋಳನ ಬಾಯಿಗೆ ಬಿದ್ದು ಸಾಯುತ್ತಾರೆ. ಹುಡುಗನಾಗಿದ್ದಾಗ ಇದಕ್ಕಾಗಿ ಭಾವ ಅವನ ಕಿವಿ ಹಿಂಡುತ್ತಿದ್ದರು. ಆ ರಜಾದಿನ ಮಾತ್ರ ಹಿಂಡಲಿಲ್ಲ. ‘ಸರಿ ಬಿಡು. ನಿನಗೆ ಗೊತ್ತು’ ಎಂದು ಕಣ್ಣು ಮುಚ್ಚಿಕೊಂಡರು, ಹನಿ ಒಳಗಿಳಿಯಲೆಂದು. ಓದಿ ಹೇಳುವುದೇನು ಕಷ್ಟವಿತ್ತು? ರಜಾದಿನಗಳೇನು ಬರಲಿಲ್ಲವೇ? ಅಲ್ಲಿಂದೀಚೆ ಹೋಗಿ ಪಕ್ಕದಲ್ಲಿ ಕೂರುವ ಬದಲು ಅವನು ಫೋನಿನಲ್ಲಿ ಸುದ್ದಿ ಹೇಳುವವನಾದ. ಹೋದರೆ ಆ ಕಣ್ಣುಗಳನ್ನು ನೋಡಬೇಕು. ಅದಕ್ಕೆ ಅವನಿಗೆ ಧೈರ್ಯವಿರಲಿಲ್ಲ, ಕಂಪನಿಯ ಮೇಲೆ ಭಾರ ಹಾಕಿ ಕಾಯಲು ಮಾತ್ರ ಬೇಕಾದಷ್ಟು ತಾಳ್ಮೆಯಿತ್ತು.

ಮೂರರ ಹೊತ್ತಿಗೆ ಪ್ಲಾಸ್ಟರ್ ಕಲೆಸುವ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡ. ನೆಲದ ಮೇಲೆಲ್ಲ ಬಿಳಿ ಹುಡಿ. ಫೋನಿನ ಪುಟ್ಟ ಪರದೆಯಲ್ಲಿ ಬಿಳಿ ಬಯಲು ಅಲುಗಿತು, ದೂರದಲ್ಲಿ ಹುಟ್ಟು ಹೊತ್ತ ಮನುಷ್ಯನೊಬ್ಬ ನಡೆದು ಬಂದ. ಬಂದೇಬಿಟ್ಟಿತ್ತು. ಮುಂದಿನ ವರ್ಷವಲ್ಲ, ಮುಂದಿನ ತಿಂಗಳಲ್ಲ, ಇವತ್ತೇ, ಈಗಲೇ ಇಳಿಸಿಕೊಳ್ಳಬಹುದು. ದೊಡ್ಡ ಅಕ್ಷರ ಇದೆ. ಎಲ್ಲ ಪಾತ್ರಗಳಿಗೂ ದನಿ ಇದೆ. ಹಳೆಯ ಸೇವ್‌ಗಳು ತೆರೆಯುತ್ತವೆ. ಏಳನೇ ಬಾಗಿಲು ತೆರೆಯುತ್ತದೆ. ಬಳಗದಲ್ಲಿ ಜನ ಅಳುತ್ತಿದ್ದೇವೆಂದು ಬರೆಯುತ್ತಿದ್ದರು, ಹಿರಿಯ ಕಾವಲುಗಾರ ಎಲ್ಲಿ, ಅವನ ಮಾತು ನಿಜವಾಯಿತಲ್ಲ ಎಂದು ಹುಡುಕುತ್ತಿದ್ದರು. ಅವನು ಗೋಡೆಗೆ ಒರಗಿ ನಿಂತು, ಅಂಗಿಗೆ ಪ್ಲಾಸ್ಟರಿನ ಹುಡಿ ಮೆತ್ತುತ್ತಿರುವುದನ್ನೂ ಲೆಕ್ಕಿಸದೆ, ಸದ್ದಿಲ್ಲದೆ ಅತ್ತ. ಹೊಟ್ಟೆಗೆ ಹಾಲು ಹೊಯ್ದಂತಾಯಿತು. ನಾಲ್ಕು ವರ್ಷ ತಾನು ಮಾಡಿದ್ದು ತಪ್ಪಲ್ಲ, ಕಾಯಬೇಕೆಂದದ್ದು ಸರಿಯೇ ಆಗಿತ್ತು, ಭಾವ ನೋಡುತ್ತಾರೆ, ಎಲ್ಲ ಸರಿಹೋಗುತ್ತದೆ. ಲ್ಯಾಬಿನ ನೆಟ್ಟಿನಲ್ಲೇ ಲ್ಯಾಪ್‌ಟಾಪನ್ನು ಡೌನ್‌ಲೋಡಿಗೆ ಹಚ್ಚಿ, ಅದು ಮುಗಿದದ್ದೇ ಮಾಲೀಕರ ಮುಂದೆ ಹೋಗಿ ನಿಂತ. ಅವನ ಕೆಂಪಾದ ಕಣ್ಣು ನೋಡಿ ಅವರು ಏನನ್ನೂ ಕೇಳದೆ, ಹೊರಡಿ ಹೊರಡಿ ಎಂದರು. ಪಾಲಿಶಿನಾಕೆ ಅವನ ಊಟದ ಡಬ್ಬಿಯನ್ನು ತೊಳೆದು ಚೀಲಕ್ಕೆ ಹಾಕಿಕೊಟ್ಟಳು. ‘ಧೈರ್ಯವಾಗಿರಿ, ಏನೂ ಆಗಲ್ಲ’ ಎಂದಳು. ಇಷ್ಟು ಒಳ್ಳೆಯವರ ಮುಂದೆ ಸಂತೋಷವನ್ನು ದುಃಖವೆಂದು ತೋರಿಸಿ ಹೊರಬೀಳುತ್ತಿದ್ದೇನಲ್ಲ ಎಂದು ಅವನಿಗೆ ನಾಚಿಕೆಯಾಯಿತು.

ಬಸ್ಸಿನಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಪಕ್ಕದ ಸೀಟಿನವನು ನಿದ್ದೆ ಹೋಗಿ ಭುಜಕ್ಕೆ ತಲೆ ಕೊಟ್ಟರೂ ಸರಿಸಲಿಲ್ಲ. ಭಾವನನ್ನು ಕಡೆಗೆ ನೋಡಿದ್ದು ಯಾವಾಗ ಎಂದು ನೆನಪು ಮಾಡಿಕೊಳ್ಳಲು ನೋಡಿದ. ಅಕ್ಕನ ಮನೆಗೆ ಬಣ್ಣ ಹೊಡೆಸುತ್ತಿದ್ದಾಗಲೇ? ಅದಕ್ಕೂ ಮೊದಲೇ? ಫೋನಿನಲ್ಲಿ ಭಾವನ ದನಿ ಯಾವಾಗಲೂ ಒಂದೇ. ‘ಏನಂತೆ ನಿನ್ನ ಕೋಟೆ ಸಮಾಚಾರ?’ ಎಂದೇ ಶುರು ಮಾಡುತ್ತಿದ್ದರು. ಕಣ್ಣು ಹೇಗಿದೆ ಎಂದರೆ, ‘ಅದರ ಪಾಡಿಗೆ ಅದಿದೆ, ನಿನ್ನ ಸುದ್ದಿ ಹೇಳು’ ಎನ್ನುತ್ತಿದ್ದರು. ಅವನು ಹೇಳುತ್ತಿದ್ದ. ಅಕ್ಕ ಫೋನು ಕಸಿದುಕೊಂಡು, ಬಾರೋ ಒಂದ್ಸಲ, ಎನ್ನುತ್ತಿದ್ದಳು. ಬರ್ತೀನಿ ಅಕ್ಕ, ಅದು ಬಿಡುಗಡೆ ಆಗಲಿ, ತಗೊಂಡೇ ಬರ್ತೀನಿ ಎಂದು ಅವನು ಮುಂದೂಡುತ್ತಿದ್ದ.

ಬಾಗಿಲು ತೆಗೆದ ಅಕ್ಕ ಅವನನ್ನು ನೋಡಿ ಒಂದು ಕ್ಷಣ ಹೊಸ್ತಿಲಲ್ಲೇ ನಿಂತಳು. ‘ಫೋನ್ ಮಾಡಬಾರದಾ ಬರೋಕೆ ಮುಂಚೆ?’

‘ಬಂದ್ಬಿಡ್ತು ಅಕ್ಕ. ಇವತ್ತೇ ಬಂತು.’ ಚೀಲ ಎತ್ತಿ ತೋರಿಸಿದ. ‘ಭಾವ ಎದ್ದಿದಾರಾ?’

‘ಎದ್ದಿದಾರೆ. ಇವತ್ತು ಬೇಡ ಕಣೋ. ಸುಸ್ತಾಗಿದಾರೆ. ಇನ್ನೊಂದಿನ ತೋರಿಸುವೆಯಂತೆ. ಕಾಫಿ ಕುಡಿ, ಕೂತ್ಕೋ, ಸುಮ್ನೆ ಮಾತಾಡು ಅವರ ಜೊತೆ.’

‘ಇನ್ನೊಂದಿನ ಅಂದ್ರೆ ಹೇಗಕ್ಕ? ಇದಕ್ಕೆ ಎಷ್ಟು ವರ್ಷ ಕಾದಿದೀವಿ.’

ಅಕ್ಕ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಒಳಗಿನಿಂದ, ‘ಯಾರೇ ಅದು? ಅವನಾ? ಒಳಗೆ ಕಳಿಸು’ ಎಂದು ಭಾವನ ದನಿ ಬಂತು. ಅಕ್ಕ ಪಕ್ಕಕ್ಕೆ ಸರಿದಳು. ಅವಳಿಗೆ ಈ ಆಟದ ಮೇಲೆ ಮೊದಲಿನಿಂದಲೂ ಅಷ್ಟಕ್ಕಷ್ಟೇ ಎಂದುಕೊಳ್ಳುತ್ತ ಅವನು ಒಳಗೆ ನಡೆದ.

ಕಿಟಕಿಯ ಪಕ್ಕದ ಅದೇ ನಕ್ಷೆಯ ಮೇಜು. ಅದರ ಮೇಲೀಗ ಒಗೆದು ಮಡಿಸಿದ ಬಟ್ಟೆ ಪೇರಿಸಿತ್ತು. ಭಾವ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. ಮುಖಕ್ಷೌರವಾಗಿತ್ತು, ಗಲ್ಲದ ಕೆಳಗೆ ಮಾತ್ರ ಒಂದಿಷ್ಟು ಬಿಳಿ ಕೂದಲು ಹಾಗೇ ಉಳಿದಿತ್ತು. ‘ಬಾ ಬಾ. ಎಷ್ಟು ಇಳಿದುಹೋಗಿದೀಯಲ್ಲೋ’ ಎಂದರು. ಅವನು ಹೋದ ವರ್ಷದಿಂದ ಚೆನ್ನಾಗಿಯೇ ಊದಿಕೊಂಡಿದ್ದ, ಭಾವನ ಹಳೆಯ ತಮಾಷೆ ಎಂದು ನಕ್ಕ. ಬಟ್ಟೆ ಸರಿಸಿ ಲ್ಯಾಪ್‌ಟಾಪ್ ಇಟ್ಟ, ಇನ್ನೊಂದು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತ. ಆ ಹಳೆಯ ಸಂಗೀತ, ಈಗ ನಿಜವಾದ ವಾದ್ಯಗಳಲ್ಲಿ, ಕೋಣೆಯನ್ನು ತುಂಬಿತು. ಭಾವನ ಬೆರಳುಗಳು ಕುರ್ಚಿಯ ತೋಳಿನ ಮೇಲೆ ತಾಳ ಹಾಕಿದವು. ಪರದೆಯ ಮೇಲೆ ಅಕ್ಷರಗಳು ಹೆಬ್ಬೆರಳಿನ ಗಾತ್ರಕ್ಕೆ ಬಂದವು.

‘ಕಾಣುತ್ತಾ ಭಾವ?’

‘ಕಾಣದೆ ಏನು? ಇಷ್ಟು ದೊಡ್ಡದಾಗಿ ಬರೆದ್ರೆ ಕುರುಡನಿಗೂ ಕಾಣ್ಬೇಕು’ ಎಂದು ಭಾವ ನಕ್ಕರು.

ಅವನಿಗೆ ಜೀವ ಬಂದಂತಾಯಿತು. ಹಳೆಯ ಸೇವ್ ತೆರೆದ. ಅಂಗಳ ಮೂಡಿತು, ಏಳನೇ ಬಾಗಿಲು, ಅದರ ಮುಂದೆ ತಮ್ಮ ನಾಲ್ವರು. ಮುಖಗಳು ಈಗ ಮನುಷ್ಯರ ಮುಖಗಳಂತೆಯೇ ಇದ್ದವು. ದೋಣಿಯವನು ತಿರುಗಿ ನೋಡಿ, ‘ಕಡಲು ದೂರ’ ಎಂದು ಆ ಭಾಷೆಯಲ್ಲಿ ಗಡಸು ದನಿಯಲ್ಲಿ ಹೇಳಿದ. ಯಾರೋ ದೊಡ್ಡ ನಟನ ದನಿಯಿರಬೇಕು. ಅದು ತಪ್ಪು ಎಂದು ಅವನ ಮೈಯೆಲ್ಲ ಹೇಳಿತು. ದೋಣಿಯವನು ಹಾಗಲ್ಲ ಮಾತಾಡುವುದು. ಅವನು ಸೊಂಟ ಹಿಡಿದುಕೊಂಡು, ಹುಟ್ಟಿನ ಭಾರಕ್ಕೆ ಬೈದುಕೊಂಡು, ಮಧ್ಯೆ ಒಂದು ಜೋಕು ಹೇಳಿ ಮಾತಾಡುವವನು. ಆದರೆ ಆ ದೋಣಿಯವನು ಯಾವ ಕಂಪನಿಯ ಹತ್ತಿರವೂ ಇರಲಿಲ್ಲ, ಅವನು ಇದ್ದದ್ದು ಪಕ್ಕದ ಕುರ್ಚಿಯಲ್ಲಿ. ಈ ಯೋಚನೆ ಬಂದದ್ದೇ ಅವನಿಗೆ ಹೆದರಿಕೆಯಾಯಿತು, ಅದನ್ನು ಮುಂದಕ್ಕೆ ಹೋಗಗೊಡಲಿಲ್ಲ.

‘ನೋಡು ನೋಡು’ ಎಂದರು ಭಾವ ಉತ್ಸಾಹದಿಂದ. ‘ಆ ಕೆಂಪು ಅಂಗಿ ಕಾವಲುಗಾರ ಎಡಗಡೆ ಹಾಗೇ ನಿಂತಿದಾನೆ. ಇನ್ನೂ ರಿಟೈರ್ ಆಗಿಲ್ಲ ಅವನು.’

‘ಎಡಗಡೆ ಅಲ್ಲ ಭಾವ, ಇದರಲ್ಲಿ ಬಲಗಡೆ ಹಾಕಿದಾರೆ. ಅಂಗಿನೂ ಬೂದು ಮಾಡಿದಾರೆ. ನಮ್ಮ ಬಳಗದವರು ಇದಕ್ಕೆ ಗ್ಯಾರಂಟಿ ಜಗಳ ತೆಗೀತಾರೆ.’

‘ಹೌದೌದು, ಬಲಗಡೆ. ಎಡ ಅಂದ್ನಾ? ಮರ ಮಾತ್ರ ಅದೇ. ಕಾಗೆ ಕೂತಿರೋದೂ ಅದೇ ಕೊಂಬೆ.’

‘ಮರ ತೆಗೆದುಬಿಟ್ಟಿದಾರಲ್ಲ ಭಾವ. ಅಲ್ಲಿರೋದು ಬಾವಿ. ಹಳೇದರಲ್ಲಿ ಮರದ ಬುಡದಲ್ಲಿ ಬೀಗದ ಕೈ ಸಿಗ್ತಿತ್ತಲ್ಲ, ಅದನ್ನ ಈಗ ಬಾವಿಕಟ್ಟೆಗೆ...’

‘ಬಾವಿ, ಬಾವಿ. ಚೆನ್ನಾಗಿ ಮಾಡಿದಾರೆ. ಒಟ್ಟಿನಲ್ಲಿ ಆಕಾಶ ಕೆಡಿಸಿಲ್ಲ ನೋಡು, ಅದೇ ಹಸಿರು.’

‘ಹಸಿರಲ್ಲ ಭಾವ’ ಎಂದು ಅವನು ಶುರುಮಾಡಿದ. ಹಳೆಯ ಕಂಪ್ಯೂಟರಿನಲ್ಲಿ ಇದ್ದದ್ದೇ ಬೆರಳೆಣಿಕೆಯ ಬಣ್ಣ, ಆದ್ದರಿಂದ ಆಗ ಹಸಿರು ಹಾಕಿದ್ದರು, ಮೂಲದಲ್ಲಿ ಅವರು ಯೋಚಿಸಿದ್ದದ್ದು ನೇರಳೆ ಎಂದು ಬಳಗದಲ್ಲಿ ಸಾಬೀತು ಮಾಡಿದ್ದೇ ತಾನು ಎಂಬುದನ್ನೆಲ್ಲ ಹೇಳಲು ಹೊರಟ. ಬಾಗಿಲಲ್ಲಿ ನಿಂತಿದ್ದ ಅಕ್ಕ ಮೆಲ್ಲಗೆ, ‘ಎಷ್ಟು ಸಲ ತಿದ್ತೀಯೋ ಅವರನ್ನ’ ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅವನು ತಿರುಗಿ ಭಾವನ ಮುಖ ನೋಡಿದ. ಕೂತಾಗಿನಿಂದ ಅವನು ಪರದೆಯನ್ನೇ ನೋಡುತ್ತಿದ್ದ, ಭಾವನ ಮುಖವನ್ನು ನೆಟ್ಟಗೆ ನೋಡಿದ್ದು ಇದೇ ಮೊದಲು. ಆ ಮುಖ ಲ್ಯಾಪ್‌ಟಾಪಿಗಿಂತ ಒಂದು ಗೇಣು ಆಚೆಗೆ, ಮಡಿಸಿದ ಬಟ್ಟೆಯ ಕಡೆಗೆ ತಿರುಗಿ ನಗುತ್ತಿತ್ತು. ಪರದೆಯ ಬೆಳಕು ಕಣ್ಣುಗುಡ್ಡೆಯ ಮೇಲೆ ಬಿದ್ದಿತ್ತು, ಕಣ್ಣು ಅದನ್ನು ಹುಡುಕುತ್ತಿರಲಿಲ್ಲ.

ನೋಟದ ಆ ಉಳಿದ ಚೂರೂ ಆರಿಹೋಗಿತ್ತು. ಯಾವಾಗಿನಿಂದ ಎಂದು ಕೇಳುವ ಹಾಗಿರಲಿಲ್ಲ. ಮನೆಗೆ ಬಣ್ಣ ಹೊಡೆಸಿದಾಗಲೇ ಇರಬೇಕು, ಅಥವಾ ಅದಕ್ಕೂ ಮುಂಚೆ, ಅವನು ಫೋನಿನಲ್ಲಿ ಬಿಳಿ ಬಯಲಿನ ಚಿತ್ರವನ್ನೂ ಹಳೆಯ ಸಂಗೀತಗಾರನ ಫೋಟೋವನ್ನೂ ವರ್ಣಿಸುತ್ತಿದ್ದ ಯಾವುದೋ ದಿನ. ತಾನು ಭಾವನ ಆಸೆಯನ್ನು ಉಳಿಸುತ್ತಿದ್ದೇನೆ ಎಂದು ಅವನು ನಂಬಿದ್ದ. ಆ ಕತ್ತಲಲ್ಲಿ ಕೂತು, ಏನಂತೆ ನಿನ್ನ ಕೋಟೆ ಸಮಾಚಾರ ಎಂದು ಕೇಳುತ್ತ, ಭಾವನೇ ಇವನ ಆಸೆಯನ್ನು ಸಾಕಿದ್ದರು. ಈಗಲೂ ಅದನ್ನೇ ಮಾಡುತ್ತಿದ್ದರು. ಎಡಗಡೆಯ ಕಾವಲುಗಾರ, ಕಾಗೆ, ಹಸಿರು ಆಕಾಶ, ಹಳೆಯದರಲ್ಲಿ ಇದ್ದದ್ದನ್ನೆಲ್ಲ ನೆನಪಿನಿಂದ ಒಂದೊಂದಾಗಿ ತೆಗೆದು ಅವನ ಮುಂದೆ ಇಡುತ್ತಿದ್ದರು. ಅವನೋ ಪ್ರತಿಯೊಂದಕ್ಕೂ ತಪ್ಪು ತಪ್ಪು ಎಂದು ಗೆರೆ ಎಳೆಯುತ್ತಿದ್ದ. ನಾಲಿಗೆ ಕಿತ್ತು ಎಸೆಯಬೇಕೆನ್ನಿಸಿತು. ಲ್ಯಾಬಿನಲ್ಲಿ ನೆಪಕ್ಕೆ ಹೇಳಿದ ಮಾತೇ ನಿಜವಾಗಿತ್ತು, ಮಾಲೀಕರೂ ಪಾಲಿಶಿನಾಕೆಯೂ ತೋರಿಸಿದ ಮರುಕ ಸರಿಯಾದ ಮನೆಗೇ ಬಂದು ಸೇರಿತ್ತು.

‘ಯಾಕೋ ಸುಮ್ನೆ ಕೂತೆ?’ ಭಾವನ ದನಿಯಲ್ಲಿ ಸಣ್ಣ ಅಳುಕಿತ್ತು. ‘ತೆಗಿ ಬಾಗಿಲನ್ನ. ನಾನಿಲ್ಲಿ ನೋಡ್ತಾ ಇದೀನಲ್ಲ.’

ಅವನು ಒತ್ತಿದ. ಒತ್ತದೆ ಇರಲು ಕಾರಣ ಹೊಳೆಯಲಿಲ್ಲ. ಏಳನೇ ಬಾಗಿಲು ತೆರೆಯಿತು. ಇಷ್ಟು ವರ್ಷ ಬೇಡಿಕೊಂಡದ್ದೆಲ್ಲ ಅಲ್ಲಿತ್ತು, ಬೇಡಿಕೊಂಡದ್ದಕ್ಕಿಂತ ಚೆನ್ನಾಗಿ ಇತ್ತು. ಬಾಗಿಲಿನಾಚೆ ಕೋಣೆಯಿರಲಿಲ್ಲ, ಕಡಲಿತ್ತು, ತುಂಬಿದ ಕಡಲು, ಮೆಟ್ಟಿಲಿನವರೆಗೂ ಬಂದು ತಾಗುವ ನೀರು. ಕಂಪನಿಯವರ ಮೇಲೆ ಕೋಪ ಮಾಡಿಕೊಳ್ಳೋಣವೆಂದರೆ ಅವರು ಒಂದು ಎಳೆಯಷ್ಟೂ ತಪ್ಪು ಮಾಡಿರಲಿಲ್ಲ. ದೋಣಿಯವನು ಹೆಗಲಿನಿಂದ ಹುಟ್ಟನ್ನು ಇಳಿಸಿ, ಅದರ ತುದಿಯನ್ನು ನೀರಿಗೆ ಮುಟ್ಟಿಸಿ ನೋಡಿದ. ಹೇಳು, ಹೇಳು ಎಂದು ಇವನ ಒಳಗೆ ಯಾರೋ ಬಡಿದುಕೊಂಡರು, ಒಂದು ಕಾಲದಲ್ಲಿ ಪಕ್ಕದ ಕುರ್ಚಿಯ ಈ ಮನುಷ್ಯ ನಾಲ್ಕು ಮಾತಿನಿಂದ ಒಂದು ಲೋಕ ಕಟ್ಟಿ ನಿನ್ನ ಕಿವಿಗೆ ಹಾಕಿರಲಿಲ್ಲವೇ, ಒಂದು ಸಾಲಾದರೂ ಹೇಳು. ‘ಭಾವ, ಇಲ್ಲಿ...’ ಎಂದ. ಅವನಿಗೆ ಗೊತ್ತಿದ್ದದ್ದು ಯಾವ ಬಣ್ಣ ಎಲ್ಲಿ ಬದಲಾಗಿದೆ ಎಂದು ಹೇಳುವುದಷ್ಟೇ. ಅವನು ಭಾವನ ಮುಖ ನೋಡಿದ, ನೋಡಬಾರದಿತ್ತು. ಆ ನಗು ಇನ್ನೂ ಇತ್ತು, ಅದರ ಹಿಂದೆ ಪಾಠ ಓದಿಕೊಂಡು ಬಾರದ ಮಗುವಿನ ಭಯವಿತ್ತು. ಕಾವಲು, ಮರ, ಆಕಾಶ, ಅಲ್ಲಿಯವರೆಗೆ ನೆನಪಿತ್ತು. ಈ ಬಾಗಿಲಿನಾಚೆಯದು ಭಾವ ಎಂದೂ ನೋಡಿದ್ದಲ್ಲ, ಹೊಗಳೋಣವೆಂದರೆ ಹೆಸರಿಲ್ಲ. ಕುರ್ಚಿಯ ತೋಳಿನ ಮೇಲೆ ಬೆರಳುಗಳು ಬಿಗಿಯಾಗಿದ್ದವು.

‘ಅದೇನು ಸದ್ದು?’ ಎಂದರು ಭಾವ ಎಚ್ಚರದಿಂದ. ‘ನೀರಾ?’

‘ಅಕ್ಕ ಒಳಗೆ ನಲ್ಲಿ ಬಿಟ್ಟು ಬಂದಿದಾಳೆ ಅನ್ಸುತ್ತೆ ಭಾವ.’

ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಅವನನ್ನು ನೋಡಿದಳು, ಪರದೆಯ ಮೇಲಿನ ಕಡಲನ್ನು ನೋಡಿದಳು. ‘ಹೌದಲ್ವಾ, ಮರ್ತೇಬಿಟ್ಟೆ’ ಎಂದು ಹೇಳಿ ಒಳಗೆ ಹೋದಳು. ಅವನು ಗುಂಡಿ ಒತ್ತಿ ಸದ್ದನ್ನು ಪೂರ್ತಿ ಇಳಿಸಿದ.

‘ಹಾಗಾದ್ರೆ ಬಾಗಿಲು ಇನ್ನೂ ತೆಗೆದಿಲ್ವಾ?’

‘ಇಲ್ಲ ಭಾವ. ಲೋಡ್ ಆಗ್ತಾ ಇದೆ. ಇನ್ನೂ ಸ್ವಲ್ಪ ಕಾಯ್ಬೇಕು.’

ಭಾವನ ಬೆರಳುಗಳು ಸಡಿಲವಾದವು. ಬೆನ್ನನ್ನು ಕುರ್ಚಿಗೆ ಆನಿಸಿ ಉಸಿರು ಬಿಟ್ಟರು. ‘ಕಾಯೋಣ ಬಿಡು. ಇಷ್ಟು ವರ್ಷ ಕಾದಿಲ್ವಾ’ ಎಂದರು. ಪರದೆಯ ಮೇಲೆ ದೋಣಿಯವನು ಹುಟ್ಟು ಹಿಡಿದು ಇವರ ಕಡೆ ತಿರುಗಿದ್ದ. ಹೊರಡೋಣವೇ ಎಂದು ಹೆಬ್ಬೆರಳಿನ ಗಾತ್ರದ ಅಕ್ಷರಗಳು ಕೇಳುತ್ತಿದ್ದವು, ಕೆಳಗೆ ಹೌದು ಎಂದೂ ಇಲ್ಲ ಎಂದೂ ಇತ್ತು. ಅವನು ಯಾವುದನ್ನೂ ಒತ್ತಲಿಲ್ಲ.